ವಾಡಿಯ ಬಾಗಿಲಿಗೆ ನಾನು ಕುದಿಸಿದ ಅಂಟು

ಮೊನ್ನೆ ಮೊಮ್ಮಗಳು ಕಾಲೇಜಿನಲ್ಲಿ ಏನೋ ಕೈಕೆಲಸ ಮಾಡಿ ತೋರಿಸಬೇಕಂತ ಹಳೆಯ ಬಿದಿರಿನ ಬುಟ್ಟಿಯೊಂದನ್ನು ಮುಂದಿಟ್ಟುಕೊಂಡು, ಒಲೆಯ ಮೇಲೆ ಗೋಧಿ ಹಿಟ್ಟಿನ ಅಂಟು ಕುದಿಸುತ್ತಿದ್ದಳು. ಯಾರೋ ಹೇಳಿದರಂತೆ, ಅದಕ್ಕೆ ಮೆಂತ್ಯೆ ಅರೆದು ಹಾಕಿದ್ದಳು. ಆ ಕಹಿ ವಾಸನೆ ಪಡಸಾಲೆಗೆ ಬಂತು ನೋಡಿ, ನನ್ನ ಕೈಯ ಚಹಾ ಕೈಯಲ್ಲೇ ಆರಿತು. "ಅಜ್ಜಿ, ಇಷ್ಟು ಗಟ್ಟಿ ಸಾಕೇನು, ಬಂದು ನೋಡ" ಎಂದು ಕರೆದಳು. ನನಗೆ ಬರೋದಿಲ್ಲವ್ವ, ನಿಮ್ಮಮ್ಮನ್ನ ಕೇಳು ಅಂದೆ. ಮಗಳು ನನ್ನ ಮುಖ ನೋಡಿದಳು. ಮುಧೋಳದಲ್ಲಿ ಹುಟ್ಟಿದವಳು ಮೆಂತ್ಯೆಯ ಅಂಟು ಬರೋದಿಲ್ಲ ಅಂದರೆ ಯಾರು ನಂಬುತ್ತಾರೆ?

ಬರುತ್ತದೆ. ಬರದೆ ಏನು. ನಮ್ಮವ್ವ ಇಡೀ ಮುಧೋಳದ ಬುಟ್ಟಿ, ಮೊರಗಳಿಗೆ ಕಾಗದ ಮೆತ್ತಿದವಳು. ಹಿಟ್ಟು ಎಷ್ಟು, ಮೆಂತ್ಯೆ ಎಷ್ಟು, ಹುಳ ತಿನ್ನದಂತೆ ಮೈಲುತುತ್ತ ಎಷ್ಟು, ಎಲ್ಲ ಅವಳ ಬೆರಳಿನಲ್ಲಿತ್ತು. ಅವಳು ಮೆತ್ತಿದ ಬುಟ್ಟಿ ಮುರಿದರೂ ಕಾಗದ ಬಿಡುತ್ತಿರಲಿಲ್ಲ. ಹೊಲಿಗೆ ಬರಲಿಲ್ಲ, ಹಾಡು ಬರಲಿಲ್ಲ, ನನಗೆ ಅವಳಿಂದ ಬಂದ ವಿದ್ಯೆ ಅದೊಂದೇ. ಆ ಒಂದು ವಿದ್ಯೆಯನ್ನು ಅತ್ತೆಯ ಮನೆಯಲ್ಲಿ ಒಂದೇ ಸಲ ತೋರಿಸಿದೆ. ಆಮೇಲೆ ಈ ಕೈ ಅಂಟು ಕುದಿಸಿಲ್ಲ.

ನಿಜಾಮರ ಕಾಲ ಅದು. ಬೇಸಿಗೆಯಲ್ಲಿ ಲಗ್ನವಾಗಿ ವಾಡಿಗೆ ಬಂದೆ. ವಾಡಿ ಎಂದರೆ ರೈಲು, ರೈಲು ಎಂದರೆ ವಾಡಿ. ಹೊಗೆ, ಸೀಟಿ, ಕಲ್ಲಿದ್ದಲ ಪುಡಿ. ಒಣಗಲು ಹಾಕಿದ ಬಿಳಿ ಸೀರೆ ಸಂಜೆಗೆ ಬೂದಿ ಬಣ್ಣ. ಮಾವನವರದು ತೊಗರಿ ವ್ಯಾಪಾರ. ಮನೆ ಪೂರಾ ಶಹಾಬಾದಿ ಕಲ್ಲಿನದು, ನೆಲವೂ ಕಲ್ಲು, ಮಾಳಿಗೆಯೂ ಕಲ್ಲು, ಬಿಸಿಲಿಗೆ ಒಳಗೆ ಕೂತವರು ರೊಟ್ಟಿಯ ಹಾಗೆ ಬೇಯಬೇಕು. ಮನೆಯಲ್ಲಿ ಎರಡು ಪಾಲು. ದೊಡ್ಡದರಲ್ಲಿ ನಾವು. ಸ್ಟೇಷನ್ನಿಗೆ ಹೋಗುವ ಓಣಿಯ ಕಡೆಗೆ ಬಾಗಿಲಿದ್ದ ಚಿಕ್ಕ ಪಾಲಿನಲ್ಲಿ, ಒಂದು ಖೋಲಿ ಒಂದು ಅಡುಗೆಮನೆ, ಬಾಡಿಗೆಗೆ ಇಸ್ಮಾಯಿಲ್ ಭಾಯಿಯ ಸಂಸಾರ. ಅವರು ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದವರು. ಹೆಂಡತಿ ಚಾಂದ್‌ಬಿ, ಪರದೆಯಲ್ಲಿರುವ ಹೆಂಗಸು. ಜೊತೆಗೆ ಅವರ ತಾಯಿ, ಓಣಿಯವರೆಲ್ಲ ದಾದಿಮಾ ಅನ್ನುತ್ತಿದ್ದರು.

ದಾದಿಮಾಗೆ ಎರಡೂ ಕಣ್ಣು ಇರಲಿಲ್ಲ. ಆ ಮನೆಯಲ್ಲೇ ಇರುವಾಗ ಪರೆ ಬಂದು ಹೋದವಂತೆ. ಆದರೆ ನೋಡಿದವರು ನಂಬುತ್ತಿರಲಿಲ್ಲ. ಗೋಡೆಗೆ ಕೈ ಹಚ್ಚಿಕೊಂಡು ಬಾವಿಗೆ ಬರುವಳು, ನೀರು ಸೇದುವಳು, ಒಲೆ ಹಚ್ಚುವಳು, ಮಧ್ಯಾಹ್ನ ಹುಣಸೆಹಣ್ಣಿನ ಬೀಜ ತೆಗೆಯುತ್ತ ಬಾಗಿಲ ಕಟ್ಟೆಯ ಮೇಲೆ ಕೂತು ಹೋಗುವ ಬರುವವರನ್ನು ಹೆಜ್ಜೆಯ ಸಪ್ಪಳದಲ್ಲೇ ಹೆಸರು ಹಿಡಿದು ಕರೆಯುವಳು. ನಾನು ಬಂದ ಹೊಸದರಲ್ಲಿ ಬಾವಿಯ ಬಳಿ ತವರು ನೆನೆದು ಅಳುತ್ತ ನಿಂತಿದ್ದೆ. ಅವಳು ಬಂದು ನನ್ನ ಮುಖವನ್ನೆಲ್ಲ ಕೈಯಲ್ಲಿ ಸವರಿ, "ಮೂಗುಬಟ್ಟ ಹೊಸಾದು, ಅಳೋದು ಹಳೇದು. ಯಾರು, ಮುಧೋಳದ ಪೋರಿ ಏನು?" ಎಂದಳು. ಅಳುತ್ತಿದ್ದವಳು ನಕ್ಕುಬಿಟ್ಟೆ. ಅವತ್ತಿನಿಂದ ನಾನು ಅವಳಿಗೆ ಮುಧೋಳದ ಪೋರಿಯೇ.

ಈಗ ನನ್ನ ಖೋಲಿಯ ವಿಷಯ ಹೇಳಬೇಕು. ಲಗ್ನವಾದರೂ ನಮಗೆ ಖೋಲಿ ಇರಲಿಲ್ಲ. ನಮ್ಮ ಮನೆಯವರು ಮಾಳಿಗೆಯ ಮೇಲೆ ಮಲಗುವರು, ನಾನು ಅತ್ತೆಯ ಮಗ್ಗುಲಲ್ಲಿ. ಖೋಲಿ ಇಲ್ಲದೆ ಪ್ರಸ್ತ ಮಾಡುವುದಿಲ್ಲ ಎಂದು ಅತ್ತೆಯ ಹಟ. ಬಾವಿಗೆ ಬಂದ ಹೆಂಗಸರು ಬಿಡುತ್ತಾರೆಯೇ? "ಏನವ್ವ, ಗಂಡ ಮಾಳಿಗಿ ಮ್ಯಾಲ, ನೀ ಅತ್ತಿ ಮಗ್ಗಲದಾಗ, ಇದ್ಯಾವ ಸೀಮಿ ಲಗ್ನ?" ಎಂದು ನಗುವರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವೆ. "ಇಸ್ಮಾಯಿಲ್‌ನವರು ಬ್ಯಾರೆ ಮನಿ ನೋಡ್ಲಾಕತ್ತಾರ, ಇನ್ನೇನು ಖಾಲಿ ಮಾಡ್ತಾರ" ಎಂದು ಅತ್ತೆ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ. ಆ ಖೋಲಿ ನನಗೆ ಬೇಕಿರಲಿಲ್ಲ ಅಂದರೆ ನಾಲಗೆ ಬಿದ್ದುಹೋದೀತು. ಬೇಕಿತ್ತು. ಗೂಡಿನಲ್ಲಿ ಎಲ್ಲಿ ಕನ್ನಡಿ ಇಡಬೇಕು, ಎಲ್ಲಿ ಸೀರೆಯ ಗಂಟು ಇಡಬೇಕು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ.

ಅವರು ಬೇರೆ ಮನೆಯನ್ನೇನೂ ನೋಡುತ್ತಿರಲಿಲ್ಲ. ನಾನು ಬರುವ ಮೊದಲೇ ಒಂದು ನೋಟೀಸು ಆಗಿತ್ತು ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಮಾವನವರು ಕಾಯ್ದೆ ಅಂದರೆ ಪ್ರಾಣ ಬಿಡುವ ಮನುಷ್ಯ. ಎಲ್ಲ ಮುಗಿದ ಮೇಲೆ ಊಟಕ್ಕೆ ಕೂತಾಗಲೆಲ್ಲ ಅದನ್ನು ಶಾಲೆಯ ಮಾಸ್ತರರ ಹಾಗೆ ಮನೆಮಂದಿಗೆಲ್ಲ ಹೇಳುವರು. ಬಾಡಿಗೆಯವರನ್ನು ಬಾಯಿಮಾತಿನಲ್ಲಿ ಬಿಡಿಸುವ ಹಾಗಿಲ್ಲ, ಬರೆದ ಕಾಗದ ಕೊಡಬೇಕು. ಯಾಕೆ ಬಿಡಬೇಕೆಂಬ ಕಾರಣ ಬರೆಯಬೇಕು. ಗಡುವು ಕೊಡಬೇಕು, ಅದೂ ಬಾಡಿಗೆಯ ತಿಂಗಳು ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಮುಗಿಯುವಂತೆ. ಕಾಗದವನ್ನು ಮನೆಯ ಗಂಡಸಿನ ಕೈಗೆ ಕೊಡಬೇಕು. ಗಂಡಸು ಇಲ್ಲದಿದ್ದರೆ, ಪರದೆಯ ಹೆಂಗಸರನ್ನು ಹೊರಗೆ ಕರೆಯುವಂತಿಲ್ಲ, ಇಬ್ಬರು ಪಂಚರ ಎದುರಿಗೆ ಬಾಗಿಲಿಗೆ ಹಚ್ಚಬೇಕು. "ನಾವೇನ್ ಜಬರದಸ್ತಿ ಮಾಡೀವೇನು? ಕಾಯ್ದಾ ಪ್ರಕಾರ ಮಾಡೀವಿ" ಎಂದು ಕೊನೆಗೆ ಒಂದು ತೇಗು.

ಇಷ್ಟೆಲ್ಲ ತಿಳಿದವರು ಮೊದಲ ಸಲ ತಪ್ಪಿದ್ದು ಮಾತ್ರ ನಗುವ ಹಾಗೆ. ಗಡುವನ್ನು ಅಮಾವಾಸ್ಯೆಗೆ ಬರೆಸಿದ್ದರು. ನಮ್ಮಲ್ಲಿ ತಿಂಗಳು ಅಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ, ಬೇರೆ ತಿಂಗಳು ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಮನೆಯ ಕರಾರು ಬರೆದದ್ದು ಸರಕಾರದ ಫಸಲಿ ತಿಂಗಳಿನಲ್ಲಿ, ಅದಕ್ಕೂ ಅಮಾವಾಸ್ಯೆಗೂ ಸಂಬಂಧವಿಲ್ಲ. ಇಸ್ಮಾಯಿಲ್ ಭಾಯಿ ಮನೆ ಬಿಡಲಿಲ್ಲ. ಮಾವ ಚಿತ್ತಾಪುರದ ಅದಾಲತ್ತಿಗೆ ಹೋದರೆ, ಗಡುವು ತಿಂಗಳ ನಡುವೆ ಬಿದ್ದಿದೆ, ಈ ನೋಟೀಸು ನಡೆಯುವುದಿಲ್ಲ, ಹೊಸದಾಗಿ ಕೊಡಿ ಎಂದು ತಿರುಗಿ ಕಳಿಸಿದರು. ಅಲ್ಲಿದ್ದ ವಕೀಲರೊಬ್ಬರು, "ಏನ್ರಿ ಸಾಹುಕಾರ್ರ, ಚಂದ್ರನ್ನ ನೋಡಿ ಮನಿ ಖಾಲಿ ಮಾಡಸ್ತೀರೇನು?" ಎಂದು ನಕ್ಕರಂತೆ. ಮಾವನವರಿಗೆ ಆ ನಗು ಎದೆಯಲ್ಲಿ ಮುಳ್ಳಾಗಿ ಕೂತಿತು. ಅಲ್ಲಿಗೆ ಅದು ಖೋಲಿಯ ಮಾತಾಗಿ ಉಳಿಯಲಿಲ್ಲ.

ಇನ್ನೊಂದು ಸಂಗತಿ. ಆ ಮೊದಲ ನೋಟೀಸನ್ನು ನೀರುನೀರು ಗೋಂದಿನಲ್ಲಿ ಹಚ್ಚಿದ್ದರಂತೆ. ಸಂಜೆಯ ಗಾಳಿಗೆ ಅದು ಹಾರಿ ಹಳಿಯ ಕಡೆ ಹೋಯಿತು. ಬಾಗಿಲು ಎಂದಿನ ಬಾಗಿಲಾಗಿಯೇ ಇತ್ತು, ಓದಿದವರು ಯಾರೂ ಇಲ್ಲ, ಇಸ್ಮಾಯಿಲ್ ಭಾಯಿ ತಲೆಯೆತ್ತಿಕೊಂಡೇ ಅದಾಲತ್ತಿಗೆ ಹೋಗಿ ಬಂದರು.

ಮುಂಗಾರು, ಮಿರಗದ ಮಳೆ ಹಿಡಿಯುವ ಹೊತ್ತು. ಬೆಳಿಗ್ಗೆ ಆಕಾಶ ಕಪ್ಪಾಗಿ ಕೂತಿತ್ತು. ಅತ್ತೆ ಅಡುಗೆಮನೆಗೆ ಬಂದು, "ನಿನಗ ಅಂಟು ಮಾಡ್ಲಿಕ್ಕ ಬರ್ತದಂತಲ್ಲ? ನಿಮ್ಮವ್ವ ಹೇಳಿದ್ಳು" ಎಂದರು.

"ಬರ್ತದ್ರಿ ಅತ್ತಿ. ಯಾವುದಕ?"

"ಕಾಗದ ಹಚ್ಚೋದದ. ಮಳಿ ಬಂದ್ರೂ ಬಿಡಬಾರದು ನೋಡು."

ನಾನು ಗೋಡೆಗೆ ಶರಣರ ಪಟ ಹಚ್ಚುತ್ತಾರೆ ಎಂದುಕೊಂಡೆ. ಹೊಸ ಸೊಸೆ, ರೊಟ್ಟಿ ದಪ್ಪ ಅಂತ ಬೈಸಿಕೊಂಡಿದ್ದೆ, ಪಲ್ಯೆ ಸಪ್ಪೆ ಅಂತ ಬೈಸಿಕೊಂಡಿದ್ದೆ. ನನಗೆ ಬರುವ ಕೆಲಸವೊಂದು ಕೊನೆಗೂ ಬಂತಲ್ಲ ಎಂದು ಕುಣಿಯುವಷ್ಟು ಸಂತೋಷ. ಹಿಟ್ಟನ್ನು ಗಂಟಿಲ್ಲದಂತೆ ಕಲಸಿ, ಮೆಂತ್ಯೆ ನುಣ್ಣಗೆ ಅರೆದು, ಉರಿ ಸಣ್ಣ ಮಾಡಿ, ಕೈ ಬಿಡದೆ ತಿರುವಿದೆ. ಇಳಿಸುವಾಗ ಚಿಟಿಕೆ ಮೈಲುತುತ್ತ. ಬೆರಳಿನಲ್ಲಿ ತೆಗೆದು ನೋಡಿದರೆ ಎಳೆ ಎಳೆಯಾಗಿ ಎದ್ದಿತು. ಅವ್ವ ಇದ್ದರೆ ಬೆನ್ನು ಚಪ್ಪರಿಸುತ್ತಿದ್ದಳು.

ಅತ್ತೆ ಬಟ್ಟಲು ಹೊರಗೆ ಒಯ್ದರು. ಮಾವನವರು ಎದುರಿಗಿದ್ದರು, ನಾನು ಹೊರಗೆ ಬರುವ ಹಾಗಿರಲಿಲ್ಲ. ಓಣಿಯ ಕಡೆಯಿಂದ ಯಾರೋ ಗಂಡಸು ಗಟ್ಟಿಯಾಗಿ ಕೂಗಿದ್ದು, ಒಳಗಿನಿಂದ ಚಾಂದ್‌ಬಿ "ಗಂಡಸರು ಇಲ್ಲ" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅದೇ ಗಂಡಸು, ಅದಾಲತ್ತಿನ ಚಪರಾಸಿ ಎಂದು ಆಮೇಲೆ ತಿಳಿಯಿತು, "ವಾಹ್, ಅಂಟಂದ್ರ ಇದು ನೋಡ್ರಿ! ಯಾರ್ ಮಾಡಿದ್ದು?" ಎಂದ.

"ನಮ್ಮ ಸೊಸಿ. ಮುಧೋಳದಾಕಿ" ಎಂದರು ಅತ್ತೆ.

ಆ ಮನೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಹೊಗಳಿಕೆ. ಬಾಗಿಲ ಹಿಂದೆ ನಿಂತು ನಾನು ಹಿಗ್ಗಿದ ಹಿಗ್ಗು ನೆನೆದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಮಧ್ಯಾಹ್ನ ಗಂಡಸರು ಮಲಗಿದ ಮೇಲೆ ಅತ್ತೆ, "ಬಟ್ಟಲ ಅಲ್ಲೇ ಬಿಟ್ಟಾರ, ತಗೊಂಡ್ ಬಾ" ಎಂದರು. ಓಣಿಗೆ ಹೋದೆ. ದಾದಿಮಾ ತನ್ನ ಬಾಗಿಲ ಮುಂದೆ ನಿಂತಿದ್ದಳು. ಹಲಗೆಯ ಮೇಲೆ ಕೈಯಾಡಿಸುತ್ತಿದ್ದಳು.

"ಯಾರು, ಮುಧೋಳದ ಪೋರಿ ಏನು?"

"ಹೌದ್ರಿ ದಾದಿಮಾ."

"ನಮ್ಮ ಬಾಗಲಿಗಿ ಇದೇನ್ ಹಚ್ಚ್ಯಾರ ಬೇಟಿ? ಇನ್ನಾ ಹಸಿ ಅದ."

ನನಗೆ ಓದು ಬರುತ್ತಿರಲಿಲ್ಲ, ಉರ್ದು ಅಂತೂ ಇಲ್ಲವೇ ಇಲ್ಲ. ಆದರೆ ಜಂಬ ತಡೆಯಲಿಲ್ಲ. "ಏನೋ ಗೊತ್ತಿಲ್ರಿ. ಆದ್ರ ಅಂಟು ಮಾತ್ರ ನಾ ಮಾಡಿದ್ದು. ನಮ್ಮವ್ವನ ಅಂಟು ದಾದಿಮಾ, ಹಚ್ಚಿದ್ರ ಬಿಡಂಗಿಲ್ಲ" ಎಂದು ನಕ್ಕೆ.

ಅವಳು ಕಾಗದದ ನಾಲ್ಕೂ ಮೂಲೆ ಬೆರಳಿನಲ್ಲಿ ಒತ್ತಿ ನೋಡಿದಳು. "ಹೌದು, ಭಾಳ ಗಟ್ಟಿ ಅದ" ಎಂದು ನನ್ನ ಜೊತೆ ತಾನೂ ನಕ್ಕಳು. ಆಮೇಲೆ ಸೊಸೆಯನ್ನು ಕರೆದಳು. ಓಣಿಯಲ್ಲಿ ಗಂಡಸರಿಲ್ಲ ಎಂದು ನಾನು ಹೇಳಿದ ಮೇಲೆ ಚಾಂದ್‌ಬಿ ಹಲಗೆಯ ಮರೆಯಿಂದ ಕತ್ತು ಚಾಚಿ, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದುತ್ತ ಓದುತ್ತ ದನಿ ಇಳಿಯಿತು.

"ಏನದ?" ಎಂದಳು ದಾದಿಮಾ.

"ಮನಿ ಬಿಡಬೇಕಂತ ಅದ ಅಮ್ಮಾ. ಫಸಲಿ ಅಮರದಾದ್ ತಿಂಗಳ ಮುಗಿಯೂದ್ರಾಗ." ಆಮೇಲೆ ನನ್ನ ಕಡೆ ನೋಡಿ, ನನಗೂ ತಿಳಿಯಲಿ ಎಂಬಂತೆ ನಿಧಾನವಾಗಿ ಹೇಳಿದಳು, "ಮಾಲಕರ ಮಗಾ, ಸೊಸಿ ಇರಲಿಕ್ಕ ಬೇಕಾಗ್ಯಾದಂತ."

ಭೂಮಿ ಬಾಯಿಬಿಡಬಾರದೇ ಅನಿಸಿತು. ಕೈಯಲ್ಲಿ ಅಂಟಿನ ಬಟ್ಟಲು. ಬೆರಳಿಗೂ ಅಂಟು. ಅಲ್ಲಿಂದ ಓಡಿ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತೆ. ದಾದಿಮಾ ಹಿಂದಿನಿಂದ ಏನೋ ಕೂಗಿದಳು, ಕೇಳಿಸಿಕೊಳ್ಳಲಿಲ್ಲ.

ಅತ್ತೆಯನ್ನು ಕೇಳಿಕೊಂಡೆ, ಅದನ್ನು ಕಿತ್ತುಬಿಡ್ತೀನ್ರಿ, ಬೇಕಾದರೆ ಬೇರೆ ಕೊಡಿ ಅವರ ಕೈಗೆ ಎಂದು. "ಸರಕಾರಿ ಕಾಗದ ಅದು, ಮುಟ್ಟಿದ್ರ ಜೇಲಾಗ ಹಾಕ್ತಾರ. ಖೋಲಿ ನಿನಗ ಬ್ಯಾಡೇನು?" ಎಂದರು. ಬೇಡ ಎಂದು ಒಂದು ಮಾತು ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಅದು ಗೊತ್ತು. ಆದರೂ ಅನ್ನಲಿಲ್ಲವಲ್ಲ.

ಮಳೆ ಬಂತು. ಜಡಿದು ಬಂತು. ಓಣಿಯೆಲ್ಲ ಕೆಸರು, ಕಲ್ಲಿದ್ದಲ ನೀರು ಹರಿದು ಕಪ್ಪು ಕಾಲುವೆ. ಪ್ರತಿ ಬೆಳಿಗ್ಗೆ ಇವತ್ತಾದರೂ ಬಿದ್ದಿರಲಿ ಬಸವಣ್ಣಾ ಎಂದು ಕಿಟಕಿಯಿಂದ ಇಣುಕುತ್ತಿದ್ದೆ. ಕಾಗದ ತೊಯ್ದು ಒಣಗಿ ಇನ್ನಷ್ಟು ಬಿಗಿಯಾಯಿತು, ಮರದೊಳಗೆ ಮರವಾಯಿತು. ಸ್ಟೇಷನ್ನಿಗೆ ಹೋಗುವವರು ನಿಲ್ಲುವರು, ಓದು ಬರುವವರು ಓದು ಬಾರದವರಿಗೆ ಹೇಳುವರು. ದಾದಿಮಾ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಳು.

ಇಸ್ಮಾಯಿಲ್ ಭಾಯಿ ಕೆಲಸದಿಂದ ಬಂದವರು ಮೊದಲು ಚಾಕುವಿನಲ್ಲಿ ಕೆರೆದು ನೋಡಿದರು. ಬರಲಿಲ್ಲ. ಒಂದು ದಿನ ಅಂಗಳಕ್ಕೆ ಬಂದು ಮಾವನವರ ಮುಂದೆ ನಿಂತರು. ಎತ್ತರದ ಆಳು, ಟೋಪಿ ಕೈಯಲ್ಲಿ ಹಿಡಿದಿದ್ದರು.

"ಸಾಹುಕಾರ್ರ, ಮತ್ತ ಅದಾಲತ್ತಿಗಿ ಹೋಗಬೇಕಂತ ಇದ್ದೆ. ಮಳಿಗಾಲ ಮುಗಿಯೂತನ ಮುದ್ದತ್ ಕೇಳಬೇಕಂತ ಇದ್ದೆ. ನಮ್ಮ ಅಮ್ಮಾಗ ಈ ಮನಿ ಬಿಟ್ರ ಬ್ಯಾರೆ ಎಲ್ಲೂ ನಡೀಲಿಕ್ಕ ಬರಂಗಿಲ್ಲ, ನಿಮಗೂ ಗೊತ್ತದ."

"ಹೋಗ್ರಿ, ಯಾರ್ ಬ್ಯಾಡ ಅಂದಾರ? ಕಾಯ್ದಾ ಎಲ್ಲಾರಿಗೂ ಒಂದೇ" ಎಂದರು ಮಾವ.

"ಹೋಗಂಗಿಲ್ರಿ. ಬಾಗಲಿಗಿ ಕಾಗದ ನಿಂತದ. ಜನಾ ನಿಂತು ಓದ್ತಾರ. ಅಮ್ಮಾ ಒಳಗ ಕುಂತು ಕೇಳ್ತಾಳ, ಈಗ ಯಾರ್ ಓದಿದ್ರು, ಈಗ ಯಾರ್ ನಿಂತ್ರು ಅಂತ. ಹೆಜ್ಜಿ ಮ್ಯಾಲೆ ಗುರ್ತು ಹಿಡೀತಾಳಲ್ರಿ. ಉಣ್ಣೋದು ಬಿಟ್ಟಾಳ. ನಾವು ನಾಳಿಗೇ ಹೋಗ್ತೀವಿ, ಶಹಾಬಾದಿಗಿ."

ಗಾಳಿಗೆ ಹಾರಿಹೋಗುವ ಗೋಂದಾಗಿದ್ದರೆ ಅವರು ಅದಾಲತ್ತಿಗೆ ಹೋಗುತ್ತಿದ್ದರು, ಮಳೆಗಾಲ ಕಳೆಯುತ್ತಿದ್ದರು, ಏನಾಗುತ್ತಿತ್ತೋ. ಅವರನ್ನು ಎಬ್ಬಿಸಿದ್ದು ಕಾಯ್ದೆಯಲ್ಲ. ನಮ್ಮವ್ವನ ಮೆಂತ್ಯೆ.

ಮರುದಿನ ಬೆಳಿಗ್ಗೆ ಮಳೆ ನಿಂತಿತ್ತು. ಎತ್ತಿನ ಗಾಡಿ ಓಣಿಯ ತಲೆಗೆ ಬಂದು ನಿಂತಿತು. ನಾನು ನಮ್ಮ ಬಾಗಿಲ ಒಳಗೆ, ಅತ್ತೆಯ ಹಿಂದೆ. ಸಾಮಾನು ಹೋಯಿತು, ಬುರ್ಖಾ ಹಾಕಿಕೊಂಡ ಚಾಂದ್‌ಬಿ ಹೋದಳು. ಕೊನೆಗೆ ದಾದಿಮಾ. ಮಗ ಕೈ ಹಿಡಿಯಲು ಬಂದರೆ, ಬೇಡ, ಇಲ್ಲಿಯತನಕ ನನಗೆ ಗೊತ್ತು ಎಂದು ಕೊಡವಿಕೊಂಡಳು. ಗೋಡೆಗೆ ಕೈ ಹಚ್ಚಿಕೊಂಡು ನಮ್ಮ ಮನೆಯ ಉದ್ದಕ್ಕೂ ಬಂದಳು. ನಮ್ಮ ಬಾಗಿಲ ಮುಂದೆ ನಿಂತು, "ಪೋರಿ ಅದಾಳೇನು?" ಎಂದಳು. ನಾನು ಅತ್ತೆಯ ಬೆನ್ನಿಗೆ ಇನ್ನಷ್ಟು ಸರಿದೆ. ಮಾವನವರು ಅಲ್ಲೇ ನಿಂತಿದ್ದರು.

"ಇರ್ತಾಳ ಇಲ್ಲೇ" ಎಂದು ತಾನೇ ಹೇಳಿಕೊಂಡಳು. "ಬೇಟಿ, ಆ ಖೋಲಿ ಭಾಳ ಕತ್ತಲದ. ಅಡಿಗಿಮನಿ ಹೊಸ್ತಿಲ ಹತ್ರ ಒಂದು ಫರಸಿ ಕಲ್ಲು ಎದ್ದದ. ನೀರಿನ ಕೊಡ ಹಿಡ್ಕೊಂಡು ಎಡವಿಗಿಡವಿ."

ಮುಂದೆ ನಡೆದಳು. ಗೋಡೆ ಮುಗಿಯಿತು. ಅವಳ ಕೈ ಮಾತ್ರ ಇನ್ನೂ ಗೋಡೆ ಇದೆ ಎಂಬಂತೆ ಗಾಳಿಯನ್ನು ತಡಕುತ್ತ ಹೋಯಿತು. ಆಮೇಲೆ ಅವಳು ನಿಂತುಬಿಟ್ಟಳು. ಇಸ್ಮಾಯಿಲ್ ಭಾಯಿ ಬಂದು ಎತ್ತಿಕೊಂಡು ಗಾಡಿಯಲ್ಲಿ ಕೂರಿಸಿದರು, ಮಗುವನ್ನು ಕೂರಿಸಿದ ಹಾಗೆ. "ನೋಡ್ರಿ, ಒಂದ್ ಜಗಳ ಇಲ್ಲ, ಒಂದ್ ಮಾತಿಲ್ಲ. ಕಾಯ್ದಾ ಪ್ರಕಾರ ನಡೀತು" ಎಂದರು ಮಾವ, ಪಂಚರಾಗಿ ರುಜು ಹಾಕಿದ ಪಕ್ಕದ ಮನೆಯವರಿಗೆ.

ಆಷಾಢಕ್ಕೆ ಅಣ್ಣ ಬಂದು ನನ್ನನ್ನು ಮುಧೋಳಕ್ಕೆ ಕರೆದೊಯ್ದ. ಅವ್ವನ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತುಬಿಟ್ಟೆ. ಅವ್ವ ಪೂರಾ ಕೇಳಿ, ನನ್ನ ತಲೆ ನೇವರಿಸುತ್ತ ಕೇಳಿದಳು, "ಅಷ್ಟ್ ಮಳಿಗೂ ಬಿಡಲಿಲ್ಲೇನು? ಮೆಂತಿ ಎಷ್ಟ್ ಹಾಕಿದ್ದಿ?" ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ ಎರಡು ದಿನ ಮಾತಾಡಿಸಲಿಲ್ಲ. ಯಾಕೆಂದರೆ ಆ ಹಿಗ್ಗು ನನಗೆ ಗೊತ್ತಿತ್ತು.

ಶ್ರಾವಣದಲ್ಲಿ ವಾಪಸು ಬಂದೆ. ಖೋಲಿ ಸುಣ್ಣ ಬಳಿದು ನನಗಾಗಿ ಕಾದಿತ್ತು. ಬಾಗಿಲಲ್ಲಿ ಕಾಗದ ಹಾಗೇ. ಮನೆಯವರು ಖುರ್ಪಿಯಿಂದ ಕೆರೆದರು, ನಾನು ಬಿಸಿನೀರು ಹಾಕಿ ತಿಕ್ಕಿದೆ. ಮೇಲಿನ ಪದರ ಪುಡಿಪುಡಿಯಾಗಿ ಬಂತು, ಕೆಳಗಿನದು ಬರಲಿಲ್ಲ. ಅಕ್ಷರ ಅರ್ಧ ಉಳಿದವು. ಪ್ರಸ್ತಕ್ಕೆ ಬಂದ ಹೆಂಗಸರಿಗೆ ಅತ್ತೆ ಅದನ್ನು ತೋರಿಸಿ, "ನಮ್ಮ ಸೊಸಿ ಕೈ ನೋಡ್ರಿ" ಎಂದು ಹೇಳಿಕೊಂಡರು. ಅವರು ನನ್ನನ್ನು ನೋಡಿದ ರೀತಿ ಬೇರೆಯೇ ಇತ್ತು. ಆ ಓಣಿಗೆ ನಾನು ಮುಧೋಳದವಳಾಗಿ ಉಳಿಯಲಿಲ್ಲ. ದಾದಿಮಾನ್ನ ಮನಿ ಬಿಡಿಸಿ ಬಂದಾಕಿ ಆದೆ. ಯಾರೂ ಎದುರಿಗೆ ಅನ್ನಲಿಲ್ಲ, ಬಾವಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ಆ ಫರಸಿಯನ್ನು ಮೊದಲ ದಿನವೇ ಎಡವಿದೆ, ಹೇಳಿದ್ದು ನೆನಪಿದ್ದೂ.

ದೀಪಾವಳಿ ಕಳೆದ ಮೇಲೆ ನಾದಿನಿಯ ಮಗುವಿನ ತೊಟ್ಟಿಲಿಗೆ ಶಹಾಬಾದಿಗೆ ಹೋಗಿದ್ದೆವು. ಮನೆಯವರಿಗೆ ಮಾತ್ರ ಹೇಳಿ, ಅವರನ್ನೇ ಜೊತೆಗೆ ಕರೆದುಕೊಂಡು, ಕೇಳುತ್ತ ಕೇಳುತ್ತ ಇಸ್ಮಾಯಿಲ್ ಭಾಯಿಯ ಮನೆ ಹುಡುಕಿದೆ. ಕಲ್ಲಿನ ಗಣಿಯ ಹತ್ತಿರ ಸಣ್ಣದೊಂದು ಖೋಲಿ. ಮನೆಯವರು ಹೊರಗೆ ನಿಂತರು. ಚಾಂದ್‌ಬಿ ನನ್ನನ್ನು ಬಾಗಿಲ ಸಂದಿಯಿಂದ ನೋಡಿ, ಆಮೇಲೆ ಸರಿದು "ಬಾ, ಕುಂದ್ರು" ಎಂದಳು. ದಾದಿಮಾ ಹೊರಸಿನ ಮೇಲೆ ಮಲಗಿದ್ದಳು. ಅರ್ಧ ಆಗಿದ್ದಳು.

"ಇಲ್ಲಿ ಬಂದ ಮ್ಯಾಲ ಎದ್ದೇ ಇಲ್ಲ" ಎಂದಳು ಚಾಂದ್‌ಬಿ ಮೆಲ್ಲಗೆ. "ಗ್ವಾಡಿ ಹಿಡಕೊಂಡು ನಡಿ ಅಂದ್ರ, ಹೊಸಾ ಗ್ವಾಡಿ ಕಲಿಯೋ ವಯಸ್ಸಲ್ಲ ನಂದು ಅಂತಾಳ."

ನಾನು ಹೊರಸಿನ ಪಕ್ಕ ನೆಲದ ಮೇಲೆ ಕೂತೆ. ಅವಳೇ ನನ್ನ ಕೈ ತಡಕಿ ಹಿಡಿದು, ಬೆರಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಮುಧೋಳದ ಪೋರಿ. ಫರಸಿ ಎಡವಿದೇನು?"

"ಎಡವಿದ್ನಿರಿ."

ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಆಮೇಲೆ ಕೇಳಿದಳು, "ಬಾಗಲದ ಮ್ಯಾಲಿನ ಕಾಗದ?"

"ಅದು ಹೋತ್ರಿ ದಾದಿಮಾ" ಎಂದೆ. ಅಷ್ಟಾದರೂ ಅವಳಿಗೆ ಕೊಡೋಣ ಎನಿಸಿತು. "ನೀವು ಹೋದ ಮರುದಿನಾನೇ ಮಳಿಗಿ ಬಿದ್ದು ಹೋತು."

ಬೆರಳು ನಿಂತವು. "ಸುಳ್ಳ್ಯಾಕ ಹೇಳ್ತಿ ಬೇಟಿ? ನಾ ಮುಟ್ಟಿ ನೋಡೀನಿ. ನಿನ್ನ ಅಂಟು ಬಿಡಂಗಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಒಳ್ಳೆಯ ಕೈಗುಣದ ಹುಡುಗಿಯನ್ನು ಹೊಗಳುವ ಹಾಗೆ ಹೇಳಿದಳು. ಮನೆಯವರು ಹೊರಗಿನಿಂದ ಕೆಮ್ಮಿ, ರೈಲಿಗೆ ಹೊತ್ತಾಯಿತು ಎಂದು ಕರೆದರು. ಅವಳು ನನ್ನ ಕೈ ಬಿಡಲಿಲ್ಲ. ಬಿಡಿಸಿಕೊಳ್ಳಲು ನನಗೆ ಮುಖವಿರಲಿಲ್ಲ, ಹಾಗೇ ಕೂತೆ.